ಹಾಳಾಗದ ಒಂಬತ್ತು ತುಣುಕು

ಬಾಗಲಕೋಟೆಯಿಂದ ಪುಣೆಗೆ ಸೊಸೆಯಾಗಿ ಬಂದ ಶಾಮಲಾಬಾಯಿ ಖಾಸಗಿ ಆಸ್ಪತ್ರೆಯೊಂದರ ಲ್ಯಾಬು ಸೇರಿ ಹದಿನೆಂಟು ವರ್ಷವಾಗಿತ್ತು. ಆಪರೇಷನ್ನಿನಲ್ಲಿ ತೆಗೆದ ಕರುಳನ್ನು ತೊಳೆದು, ಅದರ ತುಣುಕುಗಳನ್ನು ಮೇಣದಲ್ಲಿ ಕೂರಿಸಿ, ಕೂದಲೆಳೆಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಡಾಕ್ಟರರ ಮುಂದಿಡುವುದು ಅವಳ ಕೆಲಸ. ಎಂಥ ನಾತಕ್ಕೂ ಅವಳು ಮೂಗು ಮುಚ್ಚಿದವಳಲ್ಲ. ಮಧ್ಯಾಹ್ನ ನೆಮ್ಮದಿಯಾಗಿ ರೊಟ್ಟಿ ಬಿಚ್ಚಿ ಉಣ್ಣುತ್ತಿದ್ದಳು.

2003ರಲ್ಲಿ ಲ್ಯಾಬಿನ ಮುಖ್ಯಸ್ಥ ಡಾಕ್ಟರ್ ಮೋಹನದಾಸ್ ಒಂದು ಸಂಶೋಧನೆಗೆ ಕೈಹಾಕಿದರು. ಗುದನಾಳದ ಕ್ಯಾನ್ಸರಿಗೆ ಮೊದಲು ಐದು ವಾರ ‘ಕರೆಂಟು’, ಅಂದರೆ ರೇಡಿಯೇಶನ್, ಜೊತೆಗೆ ಔಷಧಿ; ಆಮೇಲೆ ಆಪರೇಷನ್. ಕೆಲವರ ಗಡ್ಡೆ ಕರೆಂಟಿಗೇ ಕರಗಿಬಿಡುತ್ತದೆ, ಕೆಲವರದು ಜಪ್ಪಯ್ಯ ಅನ್ನುವುದಿಲ್ಲ. ಯಾರದು ಕರಗೀತೆಂದು ಮೊದಲೇ, ಗಡ್ಡೆಯಿಂದ ಕಿತ್ತ ಕಾಳಿನಷ್ಟು ತುಣುಕು ನೋಡಿ ಹೇಳಬಹುದೆಂದು ಡಾಕ್ಟರರ ನಂಬಿಕೆ. ನಲವತ್ತು ರೋಗಿಗಳ ಬಗ್ಗೆ ಅವರು ಹೇಳಿದ್ದನ್ನು ಶಾಮಲಾಬಾಯಿ ರಿಜಿಸ್ಟರಿನಲ್ಲಿ ಬರೆದಳು. ಆಪರೇಷನ್ ಆದಮೇಲೆ ಕರುಳಿನಲ್ಲಿ ಕಂಡದ್ದನ್ನೂ ಎದುರಿಗೆ ಬರೆದಳು. ಎಷ್ಟೋ ಜನ ಸುಮ್ಮನೆ ಸುಡಿಸಿಕೊಳ್ಳುವುದು ತಪ್ಪೀತೆಂದು ಅವಳಿಗೂ ಆಸೆಯಿತ್ತು. ಆದರೆ ಹದಿಮೂರು ಕಡೆ ಡಾಕ್ಟರರ ಮಾತು ಸುಳ್ಳಾಯಿತು.

ಈ ಫಲಿತಾಂಶ ಓದಬೇಕಿದ್ದ ಮುಂಬಯಿಯ ಡಾಕ್ಟರರ ಸಮ್ಮೇಳನಕ್ಕೆ ವಾರವಿರುವಾಗ ಅವರು ಅವಳನ್ನು ಕರೆದು, ಆ ಹದಿಮೂರರಲ್ಲಿ ಒಂಬತ್ತು ರೋಗಿಗಳ ನಂಬರು ಬರೆದ ಚೀಟಿ ಕೊಟ್ಟರು.

“ಇವುಗಳ ಎದುರು ‘ತುಣುಕು ಹಾಳಾಗಿದೆ’ ಅಂತ ಬರೆದುಬಿಡಿ ಶಾಮಲಾ. ಹಾಳಾದದ್ದನ್ನು ಲೆಕ್ಕದಿಂದ ಬಿಡಲಿಕ್ಕೆ ನಿಯಮ ಉಂಟು.”

“ಒಂದೂ ಹಾಳಾಗಿಲ್ರಿ ಸರ್. ಎಲ್ಲಾ ನಾನೇ ಮಾಡೀನಿ.”

“ಅದು ನನಗೂ ಗೊತ್ತುಂಟು. ಯಾರಿಗೆ ಏನು ನಷ್ಟ ಹೇಳಿ? ಅವರದೆಲ್ಲ ಆಪರೇಷನ್ ಆಗಿಹೋಗಿದೆ. ಪ್ರಬಂಧದಲ್ಲಿ ನಿಮ್ಮ ಹೆಸರನ್ನೂ ಹಾಕುವ.”

ಹಾಗೆನ್ನುತ್ತ ಅವರು ಬಿಸ್ಕೀಟನ್ನು ಚಹಾದಲ್ಲಿ ಅದ್ದಿ ಚೀಪಿದರು. ಶಾಮಲಾಬಾಯಿ “ನನ್ನ ಕೈಲೆ ಆಗೂದಿಲ್ರಿ” ಎಂದು ಚೀಟಿಯನ್ನು ಮೇಜಿನ ಮೇಲಿಟ್ಟು ಹೊರಬಂದವಳು ಬೇಸಿನ್ನಿಗೆ ಬಗ್ಗಿ ವಾಂತಿ ಮಾಡಿಕೊಂಡಳು.

ಬರೆಯುವವರಿಗೇನು ಬರವೇ? ಪಕ್ಕದ ಮೇಜಿನ ನೀರಜಾ ಬರೆದಳು. ಮುಂಬಯಿಯಲ್ಲಿ ಚಪ್ಪಾಳೆ ಬಿತ್ತು, ಲ್ಯಾಬಿನಲ್ಲಿ ಪೇಢೆ ಹಂಚಿದರು. ಶಾಮಲಾಬಾಯಿ ಪೇಢೆ ಮುಟ್ಟಲಿಲ್ಲ. ಒಂಬತ್ತೂ ನಂಬರು ಬರೆದು ಆಡಳಿತ ಮಂಡಳಿಗೆ ಪತ್ರ ಕೊಟ್ಟಳು. ಉತ್ತರ ಬರಲಿಲ್ಲ. ಅವಳನ್ನು ಮಾತ್ರ ಕೆಳಗಿನ ಮಲಮೂತ್ರ ಪರೀಕ್ಷೆಯ ಕೌಂಟರಿಗೆ ಹಾಕಿದರು.

ಮರುವರ್ಷ ಒಂದು ಬೆಳಿಗ್ಗೆ ಆ ಕೌಂಟರಿಗೆ ಈರಬಸಪ್ಪ ಬಂದ. ಕಾತ್ರಜದ ಲಾರಿ ಆಫೀಸಿನ ಗುಮಾಸ್ತ, ಆ ಒಂಬತ್ತರಲ್ಲಿ ಒಬ್ಬ. ಅವನ ಗಡ್ಡೆ ಕರಗುವುದಿಲ್ಲವೆಂದು ಮೋಹನದಾಸರು ಹೇಳಿದ್ದರು. ತೆಗೆದ ಕರುಳಿನಲ್ಲಿ ಕ್ಯಾನ್ಸರಿನ ಒಂದು ಕಣವೂ ಸಿಕ್ಕಿರಲಿಲ್ಲ. ಅವಳ ಕನ್ನಡ ಕೇಳಿ ಅವನು ಮಾತಿಗೆ ನಿಂತ.

“ಕರಗೂದಿಲ್ಲ ಅಂದಿದ್ರು ನೋಡ್ರಿ. ಆ ಅಂಜಿಕ್ಯಾಗ ಮಗಳ ಸಾಲಿ ಬಿಡಿಸಿ, ಗಡಬಡಿಸಿ ಮದುವಿ ಮಾಡಿಬಿಟ್ನಿ. ಈಗ ನಾ ಗಟ್ಟಿಮುಟ್ಟ ಅದೀನಿ. ಎಲ್ಲಿ ತಪ್ಪಾತು ಅಂತ ಸಾಹೇಬ್ರು ಹುಡುಕ್ಯಾರೇನ್ರಿ?”

“ಇಲ್ರಿ. ನಿಮ್ಮ ತುಣುಕು ಹಾಳಾಗಿತ್ತು ಅಂತ ಬರಸ್ಯಾರ.”

“ಹಾಳಾಗಿತ್ತೇನ್ರಿ?”

“ಇಲ್ಲ. ಅದನ್ನ ಕೊಯ್ದಾಕಿ ನಾನೇ.”

ಈರಬಸಪ್ಪ ಆಪರೇಷನ್ ಆದಮೇಲೆ ಹೊಟ್ಟೆಗೆ ಅಂಟಿಸಿದ, ಅಂಗಿಯೊಳಗಿನ ಮಲದ ಚೀಲ ಸರಿಮಾಡಿಕೊಂಡು, ಕಟಕಟೆ ಹಿಡಿದು ಮೆಟ್ಟಿಲು ಹತ್ತಿದ. ಅರ್ಧ ತಾಸಿಗೆ ಇಳಿದು ಬಂದ. ಸಾಹೇಬರು ಮೀಟಿಂಗಿನಲ್ಲಿದ್ದರಂತೆ. ಶಾಮಲಾಬಾಯಿ ಅವನನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟಳು. ಆಮೇಲೆ ರಾಜೀನಾಮೆ ಬರೆದು, ಕೋಥರೂಡದ ಸಣ್ಣ ಲ್ಯಾಬೊಂದಕ್ಕೆ ಕೆಲಸ ಕೇಳಲು ಹೊರಟಳು.