ಭರತಿಯನ್ನು ಭರ್ತಿ ಎಂದುಕೊಂಡವನು

ಮಳೆ ನೀರು ಆಕಾಶದಿಂದ ಬರುತ್ತದೆಂದು ನಂಬಿ ಮುಂಬಯಿಗೆ ಬಂದವನು ನಾನು. ವಿಕ್ರೋಳಿಯ ಚಾಳಿನ ನಮ್ಮ ಕೆಳಮನೆಯಲ್ಲಿ ಅದು ಬಚ್ಚಲಿನ ತೂತಿನಿಂದ ಗುಳುಗುಳು ಎನ್ನುತ್ತ ಮೇಲೆ ಬಂತು.

ಹಿಂದಿನ ದಿನವೇ ಮಾಳಿಗೆಯ ಕಮಲಾತಾಯಿ ಎಚ್ಚರಿಸಿದ್ದರು (ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ): "ಉದ್ಯಾ ಮೋಠೀ ಭರತಿ ಆಹೇ." ನಾಳೆ ದೊಡ್ಡ ಭರತಿ. ಮೈಸೂರಿನಲ್ಲಿ ಭೂಗೋಳದ ಎಂ.ಎ. ಮಾಡಿದ ನಾನು ಅದನ್ನು ನಮ್ಮ ಭರ್ತಿ ಎಂದುಕೊಂಡೆ. ಯಾವುದೋ ಕಾರ್ಖಾನೆಗೆ ಆಳುಗಳನ್ನು ಭರ್ತಿ ಮಾಡಿಕೊಳ್ಳುತ್ತಾರೆ, ಬೀದಿ ತುಂಬ ಗುಂಪು ಸೇರುತ್ತದೆ. ಏಳು ತಿಂಗಳ ಬಸುರಿ ಹೆಂಡತಿ ಸುಮಿತ್ರೆಗೆ, "ಚಿಲಕ ಹಾಕ್ಕೊ, ಯಾರು ಬಡಿದ್ರೂ ತೆಗೀಬೇಡ" ಎಂದು ಹೇಳಿ ಬಾಂದ್ರಾದ ಆಫೀಸಿಗೆ ಹೋದೆ.

ಭರತಿ ಎಂದರೆ ಸಮುದ್ರದ ಉಬ್ಬರ. ಮೈಸೂರಿನಲ್ಲಿ ಮಳೆ ಬಂದರೆ ಬೋಂಡ ಕರಿಯುತ್ತಾರೆ. ಇಲ್ಲಿ ಮಳೆಯೂ ಉಬ್ಬರವೂ ಒಟ್ಟಿಗೆ ಬಂದರೆ ಚರಂಡಿ ಹಿಮ್ಮುಖ ಹರಿಯುತ್ತದೆ. ಲೋಕಲ್ ನಿಂತಿತ್ತು, ಹಳಿಗುಂಟ ನಡೆದು ಸಂಜೆ ಮನೆ ಸೇರಿದೆ. ಸುಮಿತ್ರೆ ಮಾಳಿಗೆಯಲ್ಲಿ ಕಂಬಳಿ ಹೊದ್ದು ಕೂತಿದ್ದಳು. ಕಮಲಾತಾಯಿ ಬಾಗಿಲು ಬಡಿದರೂ ಬಹಳ ಹೊತ್ತು ತೆಗೆಯಲಿಲ್ಲವಂತೆ, ನನ್ನ ಮಾತಿಗೆ ಬೆಲೆ ಕೊಟ್ಟು. ಮಂಚ ತೇಲಿದ ಮೇಲೆ ತೆಗೆದಳಂತೆ.

"ಇವರು ಭೂಗೋಳ ಓದಿದಾರೆ" ಎಂದು ಮುರುಕು ಹಿಂದಿಯಲ್ಲಿ ಹೇಳಿದಳು.

ಕಮಲಾತಾಯಿ ನನ್ನತ್ತ ಟವೆಲ್ ಎಸೆದರು. "ಸಮುಂದರ್ ನಹೀ ಪಢಾ ಕ್ಯಾ?" ಸಮುದ್ರ ಓದಲಿಲ್ಲವೇ?

ಭೂಮಿ ಬಿಸಿಯಾಗುತ್ತಿದೆ, ಕಡಲು ಏರುತ್ತದೆ, ಮಳೆ ಇನ್ನೂ ಬಿರುಸಾಗುತ್ತದೆ ಎಂದು ಆಗಷ್ಟೇ ಪತ್ರಿಕೆಗಳು ಬರೆಯತೊಡಗಿದ್ದವು. ನಮ್ಮ ಆಫೀಸಿನ ಪದವೀಧರರು ಆ ಹಾಳೆಯಲ್ಲಿ ವಡಾಪಾವ್ ಇಟ್ಟುಕೊಂಡು ನಕ್ಕರು. ನಾನೂ ನಕ್ಕೆ. ಒಂದು ಮಳೆಯಿಂದ ಏನೂ ಸಾಬೀತಾಗದು, ನಿಜ. ಆದರೆ ಬಿಸಿಗಾಳಿ ಹೆಚ್ಚು ತೇವ ಹೊರುತ್ತದೆಂಬುದು ನನ್ನ ಪಠ್ಯದಲ್ಲೇ ಇತ್ತು. ಅದನ್ನು ಪರೀಕ್ಷೆಯಲ್ಲಿ ಬರೆದು ಮರೆತಿದ್ದೆ. ಇತ್ತ ನಮ್ಮ ಜಾಣರು ಉಬ್ಬರದ ನೀರು ಹರಡಿಕೊಳ್ಳುವ ಜೌಗಿಗೆ ಮಣ್ಣು ಸುರಿದು ಬಿಲ್ಡಿಂಗ್ ಎಬ್ಬಿಸುತ್ತಾರೆ, ಮುಳುಗಿದಾಗ ನಿಸರ್ಗವನ್ನು ಬೈಯುತ್ತಾರೆ.

ನೀರು ನಿಜಕ್ಕೂ ಎಷ್ಟಿತ್ತು? ಗೋಡೆಯ ಗುರುತು ಮೊಣಕಾಲಿಗೆ ಎಂದು ನನ್ನ ನೆನಪು. ಸೊಂಟಕ್ಕೆ ಎನ್ನುತ್ತಾಳೆ ಸುಮಿತ್ರೆ. ನೀರಿನಲ್ಲಿ ನಿಂತವಳು ಅವಳು. ನನ್ನ ನೆನಪಿಗೆ ನನ್ನ ಮಾನ ಉಳಿಸುವ ಚಟವಿದೆ.

ಹೆರಿಗೆಗೆ ಮೈಸೂರಿನ ತವರಿಗೆ ಹೋಗು, ಅಲ್ಲಿ ಕ್ಷೇಮ ಎಂದೆ.

"ಕ್ಷೇಮ ಎಲ್ಲಿ ಅಂತ ನೀವು ಹೇಳ್ಬೇಡಿ" ಎಂದಳು. "ನಾನು ಇಲ್ಲೇ, ಮೇಲೇ ಇರ್ತೀನಿ."

ಮಗಳು ಮುಂಬಯಿಯಲ್ಲೇ ಹುಟ್ಟಿದಳು. ಮಳೆಗಾಲ ಮುಗಿಯುವವರೆಗೂ ತಾಯಿ ಮಗು ಮಾಳಿಗೆಯಲ್ಲಿದ್ದರು, ಅಲ್ಲಿಯವರೇ ಆಗಿಹೋದರು. ನಾನು ಕೆಳಗಿನ ಹಸಿ ಗೋಡೆಗಳ ನಡುವೆ ಮಲಗಿ, ಊಟದ ಹೊತ್ತಿಗೆ ನೆಂಟನಂತೆ ಮೆಟ್ಟಿಲು ಹತ್ತುತ್ತಿದ್ದೆ.