ದೇವಿ ಬೇಡವೆಂದ ಮನೆ

ಕುಮಟೆಯ ಪೇಟೆಯ ಹಿಂದೆ ಸಾಹುಕಾರರ ಕೇರಿಯೊಂದಿತ್ತು. ಎರಡೂ ಬದಿಗೆ ಮಹಡಿ ಮನೆಗಳು, ಮುಂದೆ ಕಬ್ಬಿಣದ ಗೇಟು, ಜಗುಲಿಯಲ್ಲಿ ತೂಗುಮಂಚ. ಆ ಕೇರಿಯ ಪ್ರತಿ ಮನೆಯ ಹಿಂಬಾಗಿಲೂ ನಮ್ಮವ್ವಿಗೆ ಗೊತ್ತಿತ್ತು. ಮೀನಿನ ಬುಟ್ಟಿ ಹೊತ್ತು ದಿನಾ ಬೆಳಿಗ್ಗೆ ಅಲ್ಲಿಗೇ ಹೋಗುತ್ತಿದ್ದಳು. ತದಡಿಯಲ್ಲಿ ದೋಣಿ ನಡೆಸುತ್ತಿದ್ದ ಅಪ್ಪ ತೀರಿಕೊಂಡ ಮೇಲೆ ಆ ಬುಟ್ಟಿಯೇ ನನ್ನನ್ನು ಓದಿಸಿ ಅಕ್ಕೋರನ್ನಾಗಿ ಮಾಡಿತು. ಶಾಲೆಯಲ್ಲಿ ಕಲಿಸುವ ಹೆಂಗಸಿಗೆ ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ನಾನು ಮದುವೆಯಾಗಲಿಲ್ಲ. ಅದರ ಬಗ್ಗೆ ಊರಿಗೆ ಇದ್ದಷ್ಟು ಚಿಂತೆ ನನಗಿರಲಿಲ್ಲ. ಅವ್ವಿಯನ್ನು ಬಾಡಿಗೆ ಕೋಣೆಯಿಂದ ಬಿಡಿಸಿ ಸ್ವಂತ ಮನೆಯಲ್ಲಿ ಕೂರಿಸಬೇಕು ಎನ್ನುವುದೊಂದೇ ನನಗಿದ್ದ ಆಸೆ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಆ ಕೇರಿಯ ಒಂದು ದೊಡ್ಡ ಹಳೇ ಮನೆ ಮಾರಾಟಕ್ಕೆ ಬಂತು. ಯಜಮಾನರು ಬೊಂಬಾಯಿ ಸೇರಿ ಎಷ್ಟೋ ಕಾಲವಾಗಿತ್ತು. ಚಾವಿಯೂ ವ್ಯವಹಾರವೂ ಎದುರುಮನೆಯ ಹಿರಿಯರ ಕೈಯಲ್ಲಿದ್ದವು. ಸುದ್ದಿ ತಂದವಳು ನಮ್ಮ ಶಾಲೆಯ ಇನ್ನೊಬ್ಬ ಅಕ್ಕೋರು, ಹೊನ್ನಾವರದವಳು. ಗಂಡನಿಗೆ ದೂರದೂರಿನಲ್ಲಿ ನೌಕರಿ. ಇಲ್ಲಿ ಅವಳೂ ನನ್ನಂತೆ ಬಾಡಿಗೆಯವಳೇ. ನಾವಿಬ್ಬರೂ ಪರಸ್ಪರ ಅಕ್ಕೋರೆ ಎಂದೇ ಕರೆದುಕೊಳ್ಳುತ್ತಿದ್ದೆವು, ಜಗಳದಲ್ಲೂ ಬಹುವಚನ ಬಿಟ್ಟವರಲ್ಲ. ಈಗ ಬರೆಯುವಾಗ ಅವಳು ಎಂದೇ ಬರುತ್ತಿದೆ, ಬರಲಿ. ಮಧ್ಯಾಹ್ನ ನನ್ನ ಡಬ್ಬಿಯ ಬಂಗಡೆ ಸಾರಿನಲ್ಲಿ ಅರ್ಧ ಪಾಲು ಅವಳದಾಗಿತ್ತು.

"ಅಷ್ಟು ದೊಡ್ಡ ಮನೆ ಒಬ್ರಿಂದ ಆಗೂದಲ್ಲ ಅಕ್ಕೋರೆ. ಇಬ್ರೂ ಸೇರಿ ತಕಂಡು ನಡುವೆ ಒಂದು ಗೋಡೆ ಹಾಕಿದ್ರೆ ಆತು," ಎಂದಳು.

"ಮೊದ್ಲು ಮನೆ ನೋಡ್ವ. ನೋಡದೆ ಎಂತ ಗೋಡೆ?" ಎಂದೆ ನಾನು. ಹಾಗೆಂದೆನೇ ಹೊರತು ಅಂದಿನಿಂದಲೇ ಮನಸ್ಸು ಆ ಕೇರಿಯಲ್ಲಿ ಸಂಸಾರ ಹೂಡಿಬಿಟ್ಟಿತ್ತು.

ಮೇ ತಿಂಗಳ ಒಂದು ಭಾನುವಾರ ಮನೆ ನೋಡಲು ಹೋದೆವು. ಅವ್ವಿಯನ್ನೂ ಕರೆದುಕೊಂಡು ಹೋಗಿದ್ದೆ. ಗೆಳತಿ ಎದುರುಮನೆಯಿಂದ ತಂದಿದ್ದ ಚಾವಿ ತಿರುಗಿಸಿ ನಾವಿಬ್ಬರು ಮುಂಬಾಗಿಲಿನಿಂದ ಒಳಗೆ ಹೋದರೆ ಅವ್ವಿ ಕಾಣಿಸಲೇ ಇಲ್ಲ. ಅಭ್ಯಾಸಬಲದಿಂದ ಹಿತ್ತಿಲು ಸುತ್ತಿ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಬಾಗಿಲು ತೆರೆದು, "ಒಳಗೆ ಬಾ ಅವ್ವಿ, ಇವತ್ತು ನಾವು ಗಿರಾಕಿ," ಎಂದು ತಮಾಷೆ ಮಾಡಿದೆ. ಅವಳು ಕಾಲು ಒರೆಸಿ ಒರೆಸಿ ಒಳಗೆ ಬಂದಳು.

ನನ್ನ ಗೆಳತಿ ಮಹಡಿಯ ಬಣ್ಣದ ಗಾಜಿನ ಕಿಟಕಿಗಳಿಗೆ ಮರುಳಾಗಿ, ಯಾವುದಕ್ಕೆ ಎಂಥ ಪರದೆ ಎಂದು ಯೋಚಿಸುತ್ತಿದ್ದಳು. ನಾನು ಮಾತ್ರ ತಲೆಯಿಂದ ಹೇರ್‌ಪಿನ್ನು ತೆಗೆದುಕೊಂಡು ಕೆಲಸಕ್ಕಿಳಿದೆ. ಅಪ್ಪ ಹಳೇ ದೋಣಿ ಕೊಳ್ಳುವಾಗ ಹಲಗೆಯ ನಡುಭಾಗವನ್ನು ನೋಡುತ್ತಲೇ ಇರಲಿಲ್ಲ. ಎರಡು ಹಲಗೆ ಕೂಡುವಲ್ಲಿ ಚೂರಿಯ ಮೊನೆ ಊರಿ ನೋಡುತ್ತಿದ್ದ, ಕೊಳೆಯಲು ಶುರುವಾಗುವುದು ಅಲ್ಲಿಂದಲೇ. ನಾನೂ ಹಾಗೆಯೇ ಕಂಬ ತೊಲೆಗೆ ಸೇರುವ ಜಾಗ, ಹಂಚು ಹೊರುವ ಪಕ್ಕಾಸು ಗೋಡೆಗೆ ಹೊಗುವ ಜಾಗ, ಬಾಗಿಲ ಚೌಕಟ್ಟಿನ ಬುಡ ಎಲ್ಲಕ್ಕೂ ಪಿನ್ನು ಊರುತ್ತ ಹೋದೆ. ಕಂಬಗಳು ಹಲಸಿನವು, ಪಿನ್ನು ಬಾಗಿತೇ ಹೊರತು ಒಳಗೆ ಹೋಗಲಿಲ್ಲ. ಅಡುಗೆಮನೆಯ ಮೇಲಿನ ಪಕ್ಕಾಸುಗಳ ತುದಿಗೆ ಮಾತ್ರ ಒರಲೆ ಹುಳ ಹಿಡಿದಿತ್ತು. ಏಣಿ ಹತ್ತಿ ಅಟ್ಟದಲ್ಲಿ ಬಗ್ಗಿ ನಡೆದೆ. ಹಂಚಿನ ಸಂದಿಯಿಂದ ಬೆಳಕು ಬೀಳುವ ಕಡೆಯೆಲ್ಲ ಮಳೆಗಾಲದಲ್ಲಿ ಪಾತ್ರೆ ಇಡಬೇಕಾಗುತ್ತದೆ ಎಂದು ಲೆಕ್ಕ ಹಾಕಿದೆ. ಪಡುವಣ ಗೋಡೆಯ ಗಾರೆ ಉಪ್ಪುಗಾಳಿಗೆ ಉದುರಿ ಒಳಗಿನ ಚಿರೇಕಲ್ಲು ಕಾಣುತ್ತಿತ್ತು.

ನಮ್ಮ ಕಡೆ ಬೇಸಿಗೆಯ ಕೊನೆಗೆ ಬಾವಿಗೆ ಉಪ್ಪು ಏರುತ್ತದೆ. ಅದನ್ನು ನೋಡುವ ಕೆಲಸ ಅವ್ವಿಯದು. ಒಂದು ಕೊಡ ಸೇದಿ ಬೊಗಸೆಯಲ್ಲಿ ಕುಡಿದು ನಾಲಗೆ ಚಪ್ಪರಿಸಿದಳು.

"ಸಿಹಿ ಇದೆ ಮಗಾ. ಬೇಳೆ ಬೇಯ್ತದೆ," ಎಂದಳು. ಆಮೇಲೆ ಬಾವಿಕಟ್ಟೆ ಮುಟ್ಟಿ ನಮಸ್ಕಾರ ಮಾಡಿದಳು.

ಅಲ್ಲೇ ನಿಂತು ಗೆಳತಿಗೆ ನನ್ನ ಅಭಿಪ್ರಾಯ ಒಪ್ಪಿಸಿದೆ. ಮನೆ ಗಟ್ಟಿಮುಟ್ಟಾಗಿದೆ, ಅಡುಗೆಮನೆಯ ಹಂಚಿನ ಮಾಡು ಬಿಚ್ಚಿ ಕಟ್ಟಬೇಕು, ಪಡುವಣ ಗೋಡೆಗೆ ಹೊಸ ಗಾರೆ ಬೇಕು, ಇವೆರಡನ್ನೂ ಮುಂದಿಟ್ಟು ಬೆಲೆ ಇಳಿಸಬಹುದು ಎಂದೆ. ಹಾಳಾದ ಪಡುವಣ ಭಾಗವನ್ನು ನಾನೇ ಇಟ್ಟುಕೊಳ್ಳುತ್ತೇನೆ ಎಂದೂ ಹೇಳಿದೆ. ಉಪ್ಪುಗಾಳಿ ನಮಗೇನು ಹೊಸ ನೆಂಟನಲ್ಲವಲ್ಲ.

ಉಳಿದದ್ದು ದೇವಿಯ ಅಪ್ಪಣೆ. ಮನೆ, ಮದುವೆ ಯಾವುದಕ್ಕೂ ನಮ್ಮಲ್ಲಿ ಪ್ರಸಾದ ಕೇಳದೆ ಮುಂದುವರಿಯುವುದಿಲ್ಲ. ಭಟ್ಟರು ದೇವಿಯ ಮೂರ್ತಿಗೆ ಎರಡೂ ಬದಿ ಹೂವಿನ ಎಸಳು ಅಂಟಿಸಿ ಪ್ರಾರ್ಥಿಸುತ್ತಾರೆ. ಬಲದ ಎಸಳು ಬಿದ್ದರೆ ಆಗಬಹುದು, ಎಡದ್ದು ಬಿದ್ದರೆ ಬೇಡ. ಗೊತ್ತು ಮಾಡಿದ ದಿನ ನಾನು ಹೊರಗಾಗಿದ್ದೆ, ಗುಡಿಗೆ ಹೋಗುವಂತಿರಲಿಲ್ಲ. ಮಗಳಿಲ್ಲದೆ ಅವ್ವಿಯೂ ಹೊರಡಲಿಲ್ಲ. "ನಾ ಒಬ್ಳೇ ಹೋಗಿ ಕೇಳ್ಕಂಡು ಬತ್ತೆ," ಎಂದು ಗೆಳತಿ ಹೋದಳು.

ಮರುದಿನ ಸಂಜೆ ನಮ್ಮ ಕೋಣೆಗೆ ಬಂದು ತಲೆ ತಗ್ಗಿಸಿ ಕೂತಳು. "ಪ್ರಸಾದ ಆಗ್ಲಿಲ್ಲ ಅಕ್ಕೋರೆ. ಎಡಕ್ಕೆ ಬಿತ್ತು," ಎಂದಳು. ಕಣ್ಣಲ್ಲಿ ನೀರೂ ಇತ್ತು. ಪಾಪ, ಅವಳಿಗೂ ಎಷ್ಟು ಆಸೆಯಿತ್ತು ಎಂದು ನಾನೇ ಚಹಾ ಮಾಡಿ ಕೊಟ್ಟು ಸಮಾಧಾನ ಹೇಳಿದೆ. ದೇವಿಯೇ ಬೇಡವೆಂದ ಮೇಲೆ ಯಾರ ಹತ್ತಿರ ವಾದ ಮಾಡುವುದು?

ಆದರೆ ಅವ್ವಿ ಕುಸಿದುಹೋದಳು. ಮಿರ್ಜಾನದ ಕಡೆ ಒಂದು ಸಣ್ಣ ಮನೆ ಸಿಗುವ ಹಾಗಿತ್ತು. "ಬ್ಯಾಡ ಮಗಾ. ದೇವಿಗೇ ಮನಸ್ಸಿಲ್ಲ. ನನ್ನಿಂದ ಎಂತ ತಪ್ಪಾತೋ," ಎಂದಳು. ಮಂಗಳವಾರ ಮಂಗಳವಾರ ಉಪವಾಸ ಮಾಡಿ ಗುಡಿಯ ಸುತ್ತ ಪ್ರದಕ್ಷಿಣೆ ಹಾಕಿ ತಪ್ಪುಕಾಣಿಕೆ ಇಡುತ್ತಿದ್ದಳು. ಯಾವ ತಪ್ಪಿಗೆ ಎಂದು ಅವಳಿಗೂ ಗೊತ್ತಿರಲಿಲ್ಲ. ಬೈದರೂ ಕೇಳಲಿಲ್ಲ.

ಮರುವರ್ಷ ಮಳೆಗಾಲ ಕಳೆಯುವ ಹೊತ್ತಿಗೆ ಗೆಳತಿ ಆ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ನಮ್ಮನ್ನು ಕರೆಯಲು ಬಂದಳು. ತನ್ನ ಅಣ್ಣ ತೆಗೆದುಕೊಂಡಿದ್ದಾನೆ, ತಾನೂ ಅವನ ಜೊತೆಗಿರುತ್ತೇನೆ, ಅವನ ಹೆಸರಿನಲ್ಲಿ ಬೇರೆ ಪ್ರಸಾದ ಕೇಳಿದಾಗ ಬಲಕ್ಕೆ ಬಿತ್ತು ಎಂದಳು. ನನಗೆ ಹೊಟ್ಟೆಕಿಚ್ಚಾದದ್ದು ನಿಜ. ಆದರೆ ಒಬ್ಬರಿಗೆ ಆಗಿಬರದ್ದು ಇನ್ನೊಬ್ಬರಿಗೆ ಆಗಿಬರುವುದು ಉಂಟಲ್ಲ ಎಂದುಕೊಂಡೆ. ಅವ್ವಿ ಬರುವುದಿಲ್ಲ ಎಂದಳು, ನಾನೊಬ್ಬಳೇ ಹೋದೆ.

ಅಡುಗೆಮನೆಗೆ ಹೊಸ ಮಾಡು ಬಂದಿತ್ತು. ಪಡುವಣ ಗೋಡೆಗೆ ಹೊಸ ಗಾರೆಯಾಗಿತ್ತು. ನಾನು ಹೇಳಿದ್ದರಲ್ಲಿ ಒಂದನ್ನೂ ಬಿಟ್ಟಿರಲಿಲ್ಲ. ಪೂಜೆ ಮುಗಿಸಿ ಜಗುಲಿಯಲ್ಲಿ ಗಾಳಿ ಹಾಕಿಕೊಳ್ಳುತ್ತ ಕೂತಿದ್ದ ಗುಡಿಯ ಭಟ್ಟರು ನನ್ನನ್ನು ಕಂಡು ಹತ್ತಿರ ಕರೆದರು.

"ಅಕ್ಕೋರೆ, ಇದ್ರಲ್ಲಿ ನಿಮ್ದೂ ಪಾಲು ಇರ್ಬೇಕಿತ್ತಲ್ಲ? ಹೋದ ವರ್ಷ ನಿಮ್ಮಿಬ್ಬರ ಹೆಸರು ಹೇಳಿಯೇ ಪ್ರಸಾದ ಕೇಳಿದ್ದೆ. ಹೂ ಇಟ್ಟ ಕೂಡ್ಲೆ ಬಲಕ್ಕೆ ಆತು. ಹಾಂಗೆ ಆಗೂದೇ ಅಪರೂಪ. ಆಮೇಲೆ ನೀವು ಎಂತಕ್ಕೆ ಬಿಟ್ರಿ?"

ಆ ಮನುಷ್ಯನಿಗೆ ಏನೂ ಗೊತ್ತಿರಲಿಲ್ಲ. ನಾನು ಏನೋ ಒಂದು ಹೇಳಿ ಎದ್ದೆ. ನಂತರ ಗೆಳತಿಯನ್ನು ಬಾವಿಯ ಹತ್ತಿರ ನಿಲ್ಲಿಸಿ ಕೇಳಿದೆ. ಅವಳು ಮೊದಲು ಸೆರಗು ಸರಿಮಾಡಿಕೊಂಡಳು.

"ಗುಡಿಯಿಂದ ಬರುವಾಗ ಎದುರುಮನೆಯವ್ರು ಕರೆದ್ರು. ನಿಮಗಾದ್ರೆ ಕೊಡುವ, ಮೀನಿನವಳ ಮಗಳು ಕೇರಿಗೆ ಬ್ಯಾಡ ಅಂದ್ರು. ಅದನ್ನ ನಿಮ್ಮತ್ರ ಹ್ಯಾಂಗೆ ಹೇಳೂದು? ನಿಮಗೆ ಬೇಜಾರಾಗ್ತದೆ ಅಂತ..."

"ಅಂತ ದೇವಿ ಮೇಲೆ ಹಾಕಿದ್ರಿ."

ಒಳಗಿನಿಂದ ಯಾರೋ ಕರೆದರು, ಹೋದಳು.

ಎದುರುಮನೆಯ ಹಿರಿಯರ ಮೇಲೆ ನನಗೆ ಅಷ್ಟು ಸಿಟ್ಟು ಬರಲಿಲ್ಲ. ಅವರು ಅವರ ಬುದ್ಧಿಯಂತೆ ನಡೆದಿದ್ದರು. ಇವಳು ನಿಜ ಹೇಳಿದ್ದರೆ ಅವರ ಜಗುಲಿಗೇ ಹೋಗಿ, ಹಿಂಬಾಗಿಲಲ್ಲಿ ಅವ್ವಿಯ ಮೀನು ಬೇಕು, ಅವ್ವಿ ಬೇಡವೇ ಎಂದು ಕೇಳುತ್ತಿದ್ದೆ. ಮನೆ ಸಿಗುತ್ತಿರಲಿಲ್ಲವೇನೋ. ಯಾರನ್ನು ಬೈಯಬೇಕೆಂದಾದರೂ ಗೊತ್ತಿರುತ್ತಿತ್ತು. ಇವಳು ನನ್ನ ಕಣ್ಣಿನಿಂದ ಮನೆ ನೋಡಿಸಿಕೊಂಡು, ನನ್ನ ಕೈಯಿಂದ ಚಹಾ ಕುಡಿದು, ನನ್ನ ತಾಯಿಯನ್ನು ದೇವಿಯ ಮುಂದೆ ತಪ್ಪಿತಸ್ಥೆ ಮಾಡಿ ನಿಲ್ಲಿಸಿದ್ದಳು. ಆ ಮಂಗಳವಾರಗಳೆಲ್ಲ ಅವಳಿಗೆ ಗೊತ್ತಿದ್ದವು. ಒಂದು ಸಲ ಪ್ರದಕ್ಷಿಣೆಗೆ ಅವ್ವಿಯ ಜೊತೆ ತಾನೇ ಹೋಗಿದ್ದಳು.

ಊಟ ಮಾಡದೆ ಬಂದೆ. ಅವ್ವಿ ಹೊಸ್ತಿಲ ಬಳಿ ಕೂತು ಅಕ್ಕಿ ಆರಿಸುತ್ತಿದ್ದಳು. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವಳು ಎದ್ದು ಆ ಕೇರಿಗೂ ಆ ಹೆಂಗಸಿಗೂ ಶಾಪ ಹಾಕಬೇಕು, ನಾನು ತಡೆಯಬಾರದು ಎಂದುಕೊಂಡೇ ಬಂದಿದ್ದೆ. ಅವಳ ಕೈ ಮೊರದ ಮೇಲೆ ಹಾಗೇ ನಿಂತಿತು.

"ಬಲಕ್ಕೇ ಆಗಿತ್ತಾ?"

"ಬಲಕ್ಕೇ."

"ಭಟ್ರೇ ಹೇಳಿದ್ರಾ?"

"ಅವರೇ ಹೇಳಿದ್ರು ಅವ್ವಿ."

ಮೊರ ಬದಿಗಿಟ್ಟು ಗುಡಿಯ ದಿಕ್ಕಿಗೆ ಕೈ ಮುಗಿದಳು. ಮುಖದ ತುಂಬ ನೀರು, ಆದರೂ ನಗುತ್ತಿದ್ದಳು. "ಹಾಂಗಾರೆ ದೇವಿ ಬ್ಯಾಡ ಅಂದಿರ್ಲಿಲ್ಲ. ಬರೇ ಮನಷ್ರು ಅಂದದ್ದು. ಅದು ನಮಗೆ ಎಂತ ಹೊಸತಾ ಮಗಾ?"

ನಾನು ಅವಳ ಪಕ್ಕ ಕೂತು ಅತ್ತುಬಿಟ್ಟೆ. ಅವಳು ನನ್ನ ಬೆನ್ನು ಸವರಿದಳು. ನನ್ನದೂ ಸಂತೋಷದ ಅಳು ಎಂದೇ ಅವಳು ತಿಳಿದಿರಬೇಕು.