ಅವ್ವ ಹಸನು ಮಾಡಿದ ಮರಳದಿಬ್ಬ

ನಮ್ಮ ಬೆಳವಣಕಿ ಕಡೆ ಹೆಣ್ಣು ನೋಡಲು ಹೋದವರು ಮೊದಲು ಬೀಗರ ಹೊಲ ನೋಡಿಕೊಂಡು ಬರುತ್ತಾರೆ. ಹೊಲದಲ್ಲಿ ಕಳೆ ಕಸ ಕಂಡಿತೋ, ಮುಗಿಯಿತು. ಹುಡುಗಿ ಎಷ್ಟೇ ಚೆಂದವಿರಲಿ, ಆ ಮನೆಯವರು ಮೈಗಳ್ಳರು ಎಂದು ತೀರ್ಮಾನ. ನಮ್ಮವ್ವ ಇದರಲ್ಲಿ ಊರಿಗಿಂತ ಒಂದು ಕೈ ಮೇಲು. ಎರೆಹೊಲದಲ್ಲಿ ಒಂದು ಎಳೆ ಕರಿಕೆ ಹುಲ್ಲು ಕಂಡರೂ ಅವತ್ತು ಅವಳಿಗೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ರೋಣದ ನನ್ನ ಅಂಗಡಿಯಲ್ಲಿ ಕಸ ಸಾಯಿಸುವ ಎಣ್ಣೆ ಮಾರುತ್ತೇನೆಂದು ನನ್ನ ಮೇಲೂ ಅವಳಿಗೆ ಅಷ್ಟಕ್ಕಷ್ಟೇ.

ಅಂಥ ಅವ್ವ ಅಕ್ಕನ ಮನೆಯ ಹೊಸ್ತಿಲು ತುಳಿಯದೆ ಎಷ್ಟೋ ವರ್ಷ ಕಳೆದಿದ್ದಳು. ಅಕ್ಕ ಕಾರವಾರದ ಕಡೆಯ ಹುಡುಗನನ್ನು ತಾನೇ ಮೆಚ್ಚಿ ಮದುವೆಯಾಗಿದ್ದಳು. ಗಂಡ ಹೆಂಡತಿ ಸಮುದ್ರದ ದಂಡೆಯಲ್ಲಿ ಮನೆ ಮಾಡಿ, ಅಂಗಳದ ಚಪ್ಪರದಡಿ ಜೋಳದ ರೊಟ್ಟಿಯ ಖಾನಾವಳಿ ನಡೆಸುತ್ತಿದ್ದರು. ಕಡೆಗೆ ಒಂದು ಚಳಿಗಾಲ ಅವ್ವ ತಾನಾಗಿಯೇ, “ನಡಿ, ಆಕಿನ್ನ ನೋಡಿಕೊಂಡ ಬರೂಣು” ಎಂದಳು. ಚೀಲದಲ್ಲಿ ಶೇಂಗಾ ಚಟ್ನಿ, ಮಗಳಿಗೊಂದು ಸೀರೆ, ಅದರ ಕೆಳಗೆ ಕಸ ತೆಗೆಯುವ ಕುರ್ಪಿ.

“ಸಮುದ್ರದಾಗ ಏನ ಕಸಾ ತಗೀತಿಯವ್ವಾ?” ಎಂದು ನಗೆಯಾಡಿದೆ.

“ಸುಮ್ನ ಕುಂಡ್ರಾಕ ನಾನೇನ ಬೀಗತಿ ಏನ?” ಎಂದಳು.

ಅಕ್ಕನ ಮನೆ ಮುಟ್ಟಿದ ಮೇಲೂ, ಇಷ್ಟು ವರ್ಷ ಬರದೇ ಇದ್ದದ್ದು ತಪ್ಪಾಯಿತು ಎನ್ನುವ ಮಾತು ಅವಳ ಬಾಯಿಂದ ಬರಲೇ ಇಲ್ಲ. ಬರುವುದೂ ಇಲ್ಲವೆಂದು ನನಗೂ ಅಕ್ಕನಿಗೂ ಗೊತ್ತಿತ್ತು. ಅಂಗಳಕ್ಕೂ ಸಮುದ್ರಕ್ಕೂ ನಡುವೆ ಒಂದು ಮರಳದಿಬ್ಬ, ಅದರ ತುಂಬ ಆಡಿನ ಗೊರಸಿನಂಥ ಎಲೆಯ, ನೇರಳೆ ಹೂವಿನ ಬಳ್ಳಿ ಹಬ್ಬಿತ್ತು. “ಏನ ಬಾಳೇವು ಮಾಡತಿಯವ್ವಾ, ಬಾಗಲ ಮುಂದ ಇಷ್ಟ ಕಸಾ?” ಎಂದವಳೇ ಅವ್ವ ಸೆರಗು ಸಿಕ್ಕಿಸಿ ಕುರ್ಪಿ ಹಿಡಿದು ಕೂತಳು. ನಾವು ಊರಿಗೆ ಹೊರಡುವ ಹೊತ್ತಿಗೆ ದಿಬ್ಬದ ಮೇಲೆ ಹೆಸರಿಗೂ ಒಂದು ಎಲೆ ಇರಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತು ನೋಡಿ ಕಣ್ಣೊರೆಸಿಕೊಂಡಳು. ಅವ್ವ ಆಡದ ಮಾತು ಅವಳಿಗೆ ಮುಟ್ಟಿತ್ತು. ನನಗೂ ಅವತ್ತು ಭಾರೀ ಸಂತೋಷವಾಗಿತ್ತು.

ಬೇಸಿಗೆಯ ಗಾಳಿಗೆ ದಿಬ್ಬದ ಮರಳು ಏಳತೊಡಗಿತು. ಹಿಟ್ಟಿನಲ್ಲಿ ಮರಳು, ಪಲ್ಯದಲ್ಲಿ ಮರಳು, ಉಣ್ಣುವವರ ಹಲ್ಲಲ್ಲಿ ಕರಕರ. ಮಳೆಗಾಲದ ಹೊತ್ತಿಗೆ ದಿಬ್ಬ ಮೊಣಕಾಲೆತ್ತರಕ್ಕೆ ಇಳಿದಿತ್ತು. ತೆರೆಗಳಿಗೆ ಅಡ್ಡ ಏನೂ ಉಳಿಯದೆ ನೇರ ಅಂಗಳಕ್ಕೆ ನುಗ್ಗಿ, ರೊಟ್ಟಿಯ ಒಲೆ, ಚಪ್ಪರ, ಅರ್ಧ ಅಂಗಳ ಎಲ್ಲವನ್ನೂ ಒಯ್ದವು.

ಅಕ್ಕ ಫೋನಿನಲ್ಲಿ ನನಗಷ್ಟೇ ಹೇಳಿದಳು. ಮಳೆ ಕಳೆದ ಮೇಲೆ ತೆರೆಗಳು ಒಯ್ದ ಮರಳಲ್ಲಿ ಒಂದಿಷ್ಟನ್ನು ಮತ್ತೆ ದಂಡೆಗೆ ತಂದು ಹಾಕುತ್ತವಂತೆ, ಗಾಳಿ ಅದನ್ನು ಮೇಲಕ್ಕೆ ತಳ್ಳುತ್ತದಂತೆ. ಹಿಡಿದು ನಿಲ್ಲಿಸುತ್ತಿದ್ದದ್ದು ಆ ಬಳ್ಳಿ. “ಅವ್ವಗ ಹೇಳಬ್ಯಾಡೋ, ನಿನ್ನ ಕೈ ಮುಗೀತೀನಿ” ಎಂದಳು. ನಾನು ಹೇಳಲಿಲ್ಲ. ಅವ್ವ ಮಾತ್ರ ಫೋನ್ ಮಾಡಿದಾಗಲೆಲ್ಲ, “ಕಸಾ ಮತ್ತ ಬೆಳದಿಲ್ಲಲ್ಲ?” ಎಂದು ಕೇಳುವಳು. “ಇಲ್ಲವ್ವಾ, ಹಸನ ಐತಿ” ಎಂದು ಅಕ್ಕ ಹೇಳುವಳು.

ಮುಂದಿನ ಚಳಿಗಾಲ ಅವ್ವ ಹಟ ಹಿಡಿದು ಮತ್ತೆ ಹೊರಟಳು. ನಾವು ಹೋದಾಗ ಅಕ್ಕ ದಂಡೆಯಲ್ಲಿ ಕೂತು ಬಳ್ಳಿಯ ತುಂಡುಗಳನ್ನು ಮರಳಲ್ಲಿ ಊರುತ್ತಿದ್ದಳು. ಅವ್ವ ಮುರಿದ ಅಂಗಳ ನೋಡಿದಳು, ಬಳ್ಳಿ ನೋಡಿದಳು. ಎಲೆ ಕಂಡು ಗಿಡ ಗುರುತಿಸುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

“ಇದು ನಾ ಕಿತ್ತಿದ್ದಲ್ಲೇನ?”

ಅಕ್ಕ ತಲೆ ತಗ್ಗಿಸಿದಳು.

“ಒಂದ ಮಾತ ಹೇಳಬಾರದಿತ್ತೇನವ್ವಾ?” ಎಂದಳು ಅವ್ವ.

“ಹೇಳಿದ್ರ ನೀ ಮತ್ತ ಬರತಿದ್ದೇನ?”

ಹೊಳೆದಂಡೆಯ ಮೆಣಸಗಿ ಅವ್ವನ ತವರು. ಮಲಪ್ರಭೆಯ ನೆರೆ ಹೊಲ ನುಂಗಿದ್ದನ್ನೂ, ಇಳಿಯುವಾಗ ಫಲವತ್ತಾದ ಗೋಡುಮಣ್ಣು ಬಿಟ್ಟುಹೋದದ್ದನ್ನೂ ನೋಡಿ ಬೆಳೆದವಳು. “ಹೊಳಿಗೆ ಬೈಬಹುದಿತ್ತು, ಇಲ್ಲೆ ಯಾರಿಗೆ ಬೈಲಿ?” ಎಂದು ಚೀಲದಿಂದ ಕುರ್ಪಿ ತೆಗೆದಳು. ತಾಯಿ ಮಗಳು ಸಂಜೆಯವರೆಗೂ ಮರಳು ತೋಡಿ ಬಳ್ಳಿ ಊರಿದರು. ಹೊರಡುವಾಗ ಅವ್ವ ಕುರ್ಪಿಯನ್ನು ಅಲ್ಲಿಯೇ ಬಿಟ್ಟಳು.

ಈಗ ಅವಳು ಫೋನಿನಲ್ಲಿ ಕೇಳುವುದು, “ಬಳ್ಳಿ ಹಬ್ಬೇತೇನ?”

“ಹಬ್ಬೇತವ್ವಾ, ಹೂವೂ ಬಿಟ್ಟೈತಿ” ಎನ್ನುತ್ತಾಳೆ ಅಕ್ಕ.

ಈ ಸಲದ ಮಳೆಗಾಲ ಮುಗಿದ ಮೇಲೆ ನಾನೊಬ್ಬನೇ ಹೋಗಿ ನೋಡಿ ಬಂದಿದ್ದೇನೆ. ಬಳ್ಳಿ ಬೇರು ಬಿಡುವಷ್ಟು ಪುರುಸೊತ್ತನ್ನು ಸಮುದ್ರ ಕೊಟ್ಟಿಲ್ಲ. ಅಂಗಳವೇ ಉಳಿದಿಲ್ಲ, ಈಗ ರೊಟ್ಟಿ ಬೇಯುವುದು ಮನೆಯ ಹಿತ್ತಲಲ್ಲಿ. ಅವ್ವ ನಿನ್ನೆಯಿಂದ ಚೀಲ ತುಂಬುತ್ತಿದ್ದಾಳೆ. ಈ ಸಲ ಆ ಹೂವು ನೋಡಲೇಬೇಕಂತೆ.